ಬಾಯಿ ಸಿಹಿ ಮಾಡಿಕೊಳ್ಳದ ಸೋದರಮಾವ

ಸಕ್ಕರೆ ಕಾಯಿಲೆಯನ್ನು ಸಂತೋಷದಿಂದ ಅನುಭವಿಸುವುದು ಹೇಗೆ ಎಂಬ ವಿಷಯದ ಮೇಲೆ ಸಿಂದಗಿಯಲ್ಲಿ ಯಾರಾದರೂ ಭಾಷಣ ಏರ್ಪಡಿಸಿದ್ದರೆ, ಮುಖ್ಯ ಅತಿಥಿಯಾಗಿ ಹೋಗಲು ನಾನು ಪೂರ್ಣ ಸಿದ್ಧನಾಗಿದ್ದೆ. ಯಾರೂ ಏರ್ಪಡಿಸಲಿಲ್ಲ. ಹಾಗಾಗಿ ಆ ಭಾಷಣವನ್ನು ಓಣಿಯ ಕಟ್ಟೆಯ ಮೇಲೆ, ಕಟಿಂಗ್ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕೇಳಿದವರಿಗೂ ಕೇಳದವರಿಗೂ ನಾನೇ ಉಚಿತವಾಗಿ ಮಾಡುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಊರ ಮಕ್ಕಳನ್ನೆಲ್ಲ ಸೀಟಿ ಊದಿ ಓಡಿಸಿದ ದೇಹವಿದು. ಇಂಥ ದೇಹಕ್ಕೇ ಸಕ್ಕರೆ ಕಾಯಿಲೆ ಬಂದಿದೆ ಎಂದು ಡಾಕ್ಟರು ಹೇಳಿದಾಗ ನನಗೆ ದುಃಖಕ್ಕಿಂತ ಅವಮಾನವೇ ಹೆಚ್ಚಾಯಿತು. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ತಡವಾಗಿ ಬಂದಾಗಲೆಲ್ಲ ಅವನನ್ನು ಮೈದಾನದ ಸುತ್ತ ಓಡಿಸಿದ್ದೆ. ಈಗ ಅವನ ಸರದಿ!

"ಸರ್, ನಿಮ್ಮ ತಾಟಿನಾಗ ರೊಟ್ಟಿ ಗುಡ್ಡ ಆಗೇತಿ, ಪಲ್ಯ ಅದರ ಬುಡಕ್ಕ ಕುಂತೈತಿ," ಎಂದ. "ಅದನ್ನ ಉಲ್ಟಾ ಮಾಡ್ರಿ. ಪಲ್ಯ, ಕಾಳು, ಮೊಸರು, ತತ್ತಿ ಗುಡ್ಡ ಆಗಲಿ. ರೊಟ್ಟಿ, ಅನ್ನ ಬುಡದಾಗ ಇರಲಿ. ಸಿಹಿ ಬ್ಯಾಡ. ಊಟ ಕಡಿಮಿ ಆದಮ್ಯಾಲ ಗುಳಿಗೀನೂ ಕಡಿಮಿ ಮಾಡಬೇಕಾಗ್ತೈತಿ, ಹದಿನೈದು ದಿನ ಬಿಟ್ಟು ಬಂದು ಭೆಟ್ಟಿ ಆಗ್ರಿ. ಮತ್ತ ಗುಳಿಗಿ ನುಂಗಿ ಉಪವಾಸ ಇರಬ್ಯಾಡ್ರಿ."

ಇದರಲ್ಲಿ ಮೊದಲರ್ಧವನ್ನು ನಾನು ಶ್ರದ್ಧೆಯಿಂದ ಪಾಲಿಸಿದೆ. ಉಳಿದರ್ಧ ಆಗ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಪಥ್ಯ ಎಂದರೆ ಶಿಕ್ಷೆ ಎಂದುಕೊಂಡಿದ್ದೆ. ಆದರೆ ಮೊದಲ ವಾರದಲ್ಲೇ ನನಗೊಂದು ಜ್ಞಾನೋದಯವಾಯಿತು. ಇಷ್ಟು ವರ್ಷ ನಾನು ರೊಟ್ಟಿ ತಿಂದಿದ್ದೆನೇ ಹೊರತು ಪಲ್ಯದ ರುಚಿ ನೋಡಿಯೇ ಇರಲಿಲ್ಲ. ಪುಂಡಿಪಲ್ಯದ ಹುಳಿ, ಎಳೆ ಬದನೆಕಾಯಿಯ ಎಣ್ಣೆಗಾಯಿಯೊಳಗಿನ ಗುರೆಳ್ಳಿನ ಘಮ, ಮೆಂತ್ಯ ಸೊಪ್ಪಿನ ಕಹಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು. ಇವೆಲ್ಲ ರೊಟ್ಟಿಯ ಮರೆಯಲ್ಲಿ ಎಷ್ಟು ಕಾಲದಿಂದ ಅಡಗಿ ಕುಳಿತಿದ್ದವೋ! ಬಟ್ಟಲು ತುಂಬ ಪಲ್ಯ ಹಾಕಿಸಿಕೊಂಡು, ಉಪ್ಪಿನಕಾಯಿ ನೆಕ್ಕುವಂತೆ ರೊಟ್ಟಿಯ ಒಂದು ಚೂರನ್ನು ನಡುನಡುವೆ ಕಚ್ಚಿಕೊಳ್ಳುತ್ತಿದ್ದೆ. ಸಂಜೆ ಸೌತೆಕಾಯಿ, ಹುರಿದ ಶೇಂಗಾ. ಪ್ಯಾಂಟು ಸಡಿಲಾಯಿತು, ನಿದ್ದೆ ಚೆನ್ನಾಗಿ ಬಂತು. ನಿಜ ಹೇಳುತ್ತೇನೆ, ನಾನು ಸುಖವಾಗಿದ್ದೆ.

ನನ್ನ ಹೆಂಡತಿ ಕಸ್ತೂರಿಗೆ ಮಾತ್ರ ಈ ಸುಖದಲ್ಲಿ ಪಾಲು ಸಿಗಲಿಲ್ಲ.

"ಇಷ್ಟ ದಿನ ರೊಟ್ಟಿ ಬಡದು ಬಡದು ಕೈ ನೋಯ್ತಿದ್ದುವು. ಈಗ ಪಲ್ಯೆ ಹೆಚ್ಚಿ ಹೆಚ್ಚಿ ನೋಯಾಕತ್ತಾವು," ಎಂದಳು. "ನಿಮ್ಮ ಜಡ್ಡಿನಿಂದ ನನಗೇನೂ ಫಾಯಿದೆ ಆಗಲಿಲ್ಲ ನೋಡ್ರಿ!"

"ಅದಿರಲಿ, ನನ್ನ ಮುಖದಾಗ ಕಳೆ ಬಂದೈತೋ ಇಲ್ಲೋ?"

"ಬಂದೈತಿ. ಅದರ ಸಂಗಾಟ ಭಾಷಣಾನೂ ಬಂದೈತಿ."

ಅವಳು ಹೇಳಿದ್ದು ಸುಳ್ಳಲ್ಲ. ಮನೆಗೆ ಬಂದವರ ತಾಟು ನೋಡಿ "ಇದೆಲ್ಲಾ ಸಕ್ಕರೀನರಿ" ಎಂದು ಬೆರಳು ತೋರಿಸುವ ಚಾಳಿ ನನಗೆ ಅಂಟಿಕೊಂಡಿತ್ತು. ಜನ ನಮ್ಮ ಮನೆಗೆ ಊಟದ ಹೊತ್ತು ತಪ್ಪಿಸಿ ಬರತೊಡಗಿದರು. ಈ ಭಾಷಣಗಳ ಗಡಿಬಿಡಿಯಲ್ಲಿ ಡಾಕ್ಟರನ್ನು ಮತ್ತೆ ಕಾಣಲು ನನಗೆ ಪುರುಸೊತ್ತೇ ಆಗಲಿಲ್ಲ.

ಹೀಗಿರುವಾಗ ಕನ್ನೊಳ್ಳಿಯಿಂದ ನನ್ನ ತಂಗಿ ನೀಲವ್ವ ಬಂದಳು. ಅವಳ ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬನೇ ಮಗ ಸಂಗಮೇಶ. ಪಂಪ್‌ಸೆಟ್ಟು, ಮೋಟಾರು, ಹಾಲಿನ ಡೇರಿಯ ಮಷೀನು ರಿಪೇರಿ ಮಾಡುತ್ತಾನೆ. ಕೊಲ್ಹಾರದ ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಗೀತಾ ಎಂಬ ಹುಡುಗಿ ಅವನ ಕಣ್ಣಿಗೆ ಬಿದ್ದಿದ್ದಳು. ಕೆಟ್ಟ ಮಷೀನು ರಿಪೇರಿ ಮಾಡಲು ಒಮ್ಮೆ ಹೋದವನು, ಕೆಡದ ಮಷೀನು ರಿಪೇರಿ ಮಾಡಲು ಮತ್ತೆ ಮತ್ತೆ ಹೋಗುತ್ತಿದ್ದ. ಕೊನೆಗೆ ವಿಷಯ ಎರಡೂ ಮನೆಗೆ ಗೊತ್ತಾಗಿ, ರವಿವಾರ ಶಾಸ್ತ್ರಕ್ಕೆ ಹೆಣ್ಣು ನೋಡಲು ಬನ್ನಿ ಎಂದು ಅವರು ಹೇಳಿಕಳಿಸಿದ್ದರು.

"ಅಣ್ಣಾ, ಹುಡುಗನ ಅಪ್ಪ ಇಲ್ಲ. ಸೋದರಮಾವ ಅಂತ ನೀನ ಹಿರೇ ಮನಷ್ಯಾ," ಎಂದಳು ನೀಲವ್ವ. "ನೀ ಹೂಂ ಅಂದ್ರ ಹೂಂ."

ಎದೆ ಉಬ್ಬಿತು. ಸಡಿಲಾಗಿದ್ದ ಅಂಗಿಯೂ ಒಂದು ಕ್ಷಣ ಬಿಗಿಯಾಯಿತು.

"ಆದ್ರ ಒಂದು ಮಾತು. ನಿನಗ ಸಕ್ಕರಿ ಜಡ್ಡು ಐತಿ ಅಂತ ಅಲ್ಲಿ ಬಾಯಿ ಬಿಡಬ್ಯಾಡ. ತಾಯಿ ಕಡೆ ಜಡ್ಡು ನಾಳೆ ಹುಡುಗಗೂ ಬರ್ತೈತಿ ಅಂತ ತಿಳೀತಾರ. ಹೆಣ್ಣು ಕೊಡಾಕ ಹಿಂದಮುಂದ ನೋಡ್ತಾರ."

"ಇಷ್ಟ ಹೌದಲ್ಲೋ? ಸೀಟಿ ಊದಿದಷ್ಟ ಸರಳ ಐತಿ ಬಿಡು!"

"ಇಷ್ಟ ಅಲ್ಲ. ಅವರ ತಾಟು ಮುಟ್ಟಲಾರದ ಏಳಬ್ಯಾಡ."

ಇದರ ಮಹತ್ವ ನಮ್ಮ ಕಡೆಯವರಿಗೆಲ್ಲ ಗೊತ್ತು. ಹೆಣ್ಣು ನೋಡಲು ಹೋದವರು 'ಹುಡುಗಿ ನಮಗೆ ಒಪ್ಪಿಗೆ ಇಲ್ಲ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಮನಸ್ಸಿಗೆ ನೋವಾಗುತ್ತದೆ. ಆದ್ದರಿಂದ ಇಟ್ಟ ತಾಟು ಮುಟ್ಟದೆ, ಚಹಾ ಕುಡಿಯದೆ, ಕೈಮುಗಿದು ಎದ್ದು ಬರುತ್ತಾರೆ. ಅಷ್ಟರಲ್ಲೇ ಹೆಣ್ಣಿನ ಕಡೆಯವರು ತಿಳಿದುಕೊಳ್ಳುತ್ತಾರೆ. ಒಪ್ಪಿಗೆಯಾದರೆ ಹೆಣ್ಣಿನ ಮನೆಯವರು ಗಂಡಿನ ಕಡೆಯ ಹಿರಿಯನ ಬಾಯಿಗೆ ಅಲ್ಲೇ ಸಕ್ಕರೆ ಹಾಕುತ್ತಾರೆ. ಆ ಸಕ್ಕರೆ ನುಂಗಿದ ಮೇಲೆ ಮಾತು ಹಿಂದೆ ತೆಗೆಯುವಂತಿಲ್ಲ. ಮುಂದೆ ಒಳ್ಳೆಯ ದಿನ ನೋಡಿ, ನಾಲ್ಕು ಜನರನ್ನು ಕರೆದು 'ಸಕ್ಕರಿ ಪುಡಿ' ಎಂಬ ನಿಶ್ಚಿತಾರ್ಥ ಮಾಡುತ್ತಾರೆ.

ನಾನು ಮನಸ್ಸಿನಲ್ಲೇ ಯೋಜನೆ ಹಾಕಿದೆ. ಹೊಟ್ಟೆಗೆ ನನ್ನ ಡಬ್ಬಿ ನಾನೇ ಒಯ್ಯುವುದು. ಅಲ್ಲಿ ತಿಂಡಿಯನ್ನು ನಯವಾಗಿ ದಾಟಿಸುವುದು. ಕೊನೆಗೆ ಒಂದೇ ಒಂದು ಚಿಟಿಕೆ ಸಕ್ಕರೆ ನಾಲಿಗೆಗೆ ಹಚ್ಚಿಕೊಳ್ಳುವುದು. ಪಥ್ಯವೂ ಉಳಿಯಿತು, ಸಂಬಂಧವೂ ಆಯಿತು!

ರವಿವಾರ ಬೆಳಿಗ್ಗೆ ನಾನು, ಕಸ್ತೂರಿ, ನೀಲವ್ವ, ಸಂಗಮೇಶ ದಸ್ತಗೀರನ ಕ್ರೂಸರ್ ಗಾಡಿಯಲ್ಲಿ ಹೊರಟೆವು. ದಸ್ತಗೀರ ನಮ್ಮ ಓಣಿಯವನೇ, ನಮ್ಮ ಮನೆಯ ಎಲ್ಲ ಮದುವೆಗಳಿಗೂ ಅವನದೇ ಗಾಡಿ. ನಾನು ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಮುಂದಿನ ಸೀಟಿನಲ್ಲಿ ಕುಳಿತೆ. ಕಸ್ತೂರಿ ಕಟ್ಟಿಕೊಟ್ಟ ಡಬ್ಬಿ ಕಾಲ ಬಳಿ ಇತ್ತು. ಅದರಲ್ಲಿ ಎಣ್ಣೆಗಾಯಿ, ಕುದಿಸಿದ ತತ್ತಿ, ಸೌತೆಕಾಯಿ, ಶೇಂಗಾ ಹಿಂಡಿ, ಅರ್ಧ ರೊಟ್ಟಿ. ದಾರಿಯುದ್ದಕ್ಕೂ ಅದರ ಘಮ ಮೂಗಿಗೆ ಬರುತ್ತಿತ್ತು.

ಬಸವನ ಬಾಗೇವಾಡಿಯಲ್ಲಿ ಚಹಾಕ್ಕೆ ನಿಂತೆವು. ನಾನು ಶಿಸ್ತಿನ ಮನುಷ್ಯ. ಗುಳಿಗೆಯ ಹೊತ್ತಿಗೆ ಗುಳಿಗೆ! ನುಂಗಿದೆ. ಸಕ್ಕರೆಯಿಲ್ಲದ ಚಹಾ ಒಂದಲ್ಲ, ಎರಡು ಸಲ ಕುಡಿದೆ. ಇನ್ನು ಡಬ್ಬಿ ಬಿಚ್ಚಬೇಕು ಎನ್ನುವಷ್ಟರಲ್ಲಿ ನೀಲವ್ವ ಅವಸರ ಮಾಡಿದಳು. ಗಳಿಗೆ ಮೀರುತ್ತದಂತೆ. ಗಾಡಿಯಲ್ಲೇ ತಿನ್ನೋಣವೆಂದರೆ ಎಣ್ಣೆಗಾಯಿಯ ಎಣ್ಣೆ ಬಿಳಿ ಅಂಗಿಯ ಮೇಲೆ ಬಿದ್ದರೆ ಸೋದರಮಾವನ ಘನತೆ ಏನಾಗಬೇಕು?

"ಕೊಲ್ಹಾರ ಮುಟ್ಟಿದಮ್ಯಾಲ, ಅವರ ಮನಿ ಹೊರಗ ತಿಂತೇನಿ," ಎಂದೆ.

ಹಿಂದಿನ ಸೀಟಿನಿಂದ ಸಂಗಮೇಶ ಬಗ್ಗಿ ಕಿವಿಯಲ್ಲಿ ಹೇಳಿದ: "ಮಾಮಾ, ಏನರ ಮಾಡು, ಇದೊಂದು ಕೆಡಸಬ್ಯಾಡಪಾ."

ಸಣ್ಣವನಿದ್ದಾಗ ಅಪ್ಪನನ್ನು ಕಳೆದುಕೊಂಡ ಹುಡುಗ. ನನ್ನನ್ನು ಯಾವತ್ತೂ ಏನೂ ಕೇಳಿದವನಲ್ಲ. ನಾನು ಅವನ ಭುಜ ತಟ್ಟಿ, "ನಾ ಅದೇನಿ," ಎಂದೆ. ಆ ಧೈರ್ಯವನ್ನು ಇವತ್ತು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಕೊಲ್ಹಾರದಲ್ಲಿ ಓಣಿಯ ತಿರುವಿನಲ್ಲೇ ಬೀಗರು ಎದುರುಗೊಳ್ಳಲು ನಿಂತಿದ್ದರು. ಹುಡುಗಿಯ ಅಪ್ಪ ಮಲ್ಲಪ್ಪ, ರುಮಾಲು ಸುತ್ತಿದ ಎತ್ತರದ ಆಳು. ಹೊಲ, ಎಮ್ಮೆ, ಮೊಸರಿನ ವ್ಯಾಪಾರ. ಪಕ್ಕದಲ್ಲಿ ಅವನ ತಾಯಿ ಗಂಗವ್ವ ಆಯಿ, ಕೋಲೂರಿಕೊಂಡು. ಇಷ್ಟು ಜನ ಕೈಮುಗಿದು ನಿಂತಿರುವಾಗ, "ಸ್ವಲ್ಪ ತಡೀರಿ, ನಾನು ಡಬ್ಬಿ ಉಂಡು ಬರ್ತೇನಿ," ಎನ್ನಲು ಯಾವ ಸೋದರಮಾವನಿಗೆ ಸಾಧ್ಯ? ಡಬ್ಬಿಯನ್ನು ಗಾಡಿಯಲ್ಲೇ ಬಿಟ್ಟು ಗಂಭೀರವಾಗಿ ಒಳಗೆ ನಡೆದೆ.

ಮೊದಲು ಬೆಲ್ಲ, ನೀರು ಬಂದವು. ನಾನು ನೀರನ್ನಷ್ಟೇ ತೆಗೆದುಕೊಂಡೆ. ಮಲ್ಲಪ್ಪ ಬೆಲ್ಲದ ಕಡೆ ನೋಡಿದ, ನನ್ನ ಕಡೆ ನೋಡಿದ.

ಆಮೇಲೆ ಚುರುಮುರಿಯ ಸುಸಲಾ, ಮಿರ್ಚಿ ಭಜಿ, ಚಹಾ. ತಾಟಿನ ತುಂಬ ಸುಸಲಾ, ಮೇಲೆ ಪುಠಾಣಿ ಪುಡಿ. ಘಮಘಮ ಎನ್ನುತ್ತಿತ್ತು. ಹೊಟ್ಟೆ ಚುರ್ ಎಂದಿತು. ಚುರುಮುರಿ ಎಂದರೆ ಅಕ್ಕಿ, ಅಕ್ಕಿ ಎಂದರೆ ಸಕ್ಕರೆ ಎಂದು ಮನಸ್ಸಿಗೆ ಸೀಟಿ ಊದಿದೆ.

"ತಗೋರಿ ಮಾವಾರ," ಎಂದ ಮಲ್ಲಪ್ಪ.

"ಬ್ಯಾಡ್ರಿ. ಹೊಟ್ಟಿ ತುಂಬೇತಿ."

"ಎಲ್ಲಿ ಉಂಡ್ರಿ?"

"ಬಾಗೇವಾಡ್ಯಾಗ."

ಹೆಣ್ಣು ನೋಡಲು ಬರುವಾಗ ದಾರಿಯಲ್ಲಿ ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದ ಹಿರಿಯನನ್ನು ಆ ಮನೆಯವರು ಅವತ್ತೇ ಮೊದಲು ನೋಡಿದ್ದು. ನೀಲವ್ವ ನನ್ನ ತೊಡೆ ಚಿವುಟಿದಳು.

"ಚಾ ಆದ್ರೂ ಕುಡೀರಿ," ಎಂದಳು ಆಯಿ.

ಸಕ್ಕರೆಯಿಲ್ಲದ ಚಹಾ ಕೊಡಿ ಎಂದರೆ ಜಡ್ಡಿನ ಗುಟ್ಟು ರಟ್ಟು. "ಚಾ ಬಿಟ್ಟು ಭಾಳ ವರ್ಷ ಆತ್ರಿ," ಎಂದೆ.

ಬಾಗಿಲಲ್ಲಿ ಕುಳಿತು ಭಜಿ ತಿನ್ನುತ್ತಿದ್ದ ದಸ್ತಗೀರನಿಗೆ ಇದು ಕೇಳಿಸಿತು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ ಅವನು.

"ಹಂಗಾರ ಈಗ ಬಾಗೇವಾಡ್ಯಾಗ ಎರಡ ಸಲ ಕುಡದ್ರೆಲ್ಲ ಮಾಸ್ತರ?"

ಈ ಸಲ ಕಸ್ತೂರಿ ಇನ್ನೊಂದು ತೊಡೆ ಚಿವುಟಿದಳು.

ಡಬ್ಬಿಯ ಎರಡು ತುತ್ತು ಹೊಟ್ಟೆಗೆ ಬಿದ್ದರೆ ತಲೆ ಓಡುತ್ತದೆ ಎನಿಸಿತು. "ಗಾಡ್ಯಾಗ ಕನ್ನಡಕ ಬಿಟ್ಟೇನಿ," ಎಂದು ಎದ್ದು ಹೊರಗೆ ಬಂದೆ. ಕನ್ನಡಕ ಮೂಗಿನ ಮೇಲೆಯೇ ಇತ್ತು ಎಂಬುದನ್ನು ಆಮೇಲೆ ಕಸ್ತೂರಿ ಹೇಳಿದಳು. ದಸ್ತಗೀರ ನನ್ನ ಹಿಂದೆಯೇ ಓಡಿ ಬಂದ.

"ಡಬ್ಬಿ ಹುಡಕಾಕತ್ತೀರೇನ್ರಿ? ತೊಳದ ಇಟ್ಟೇನ್ರಿ. ವೈನಿಯವರು ನನಗ ಅಂತ ಕಟ್ಟಿದ್ದು ನನಗ ಗೊತ್ತ ಇದ್ದಿದ್ದಿಲ್ಲ. ಎಣ್ಣೆಗಾಯಿ ಭಾಳ ಛಲೋ ಆಗಿತ್ರಿ!"

ಪ್ರತಿ ಸಲ ಗಾಡಿ ಕಟ್ಟಿದಾಗ ಕಸ್ತೂರಿ ಅವನಿಗೆ ಡಬ್ಬಿ ಕಟ್ಟಿಕೊಡುತ್ತಾಳೆ. ಇವತ್ತು ಬೀಗರ ಮನೆಯಲ್ಲಿ ಊಟವಿದೆ ಎಂದು ಕಟ್ಟಿರಲಿಲ್ಲ. ಅವನ ತಪ್ಪೇನಿದೆ? ತೊಳೆದ ಡಬ್ಬಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ನಾನು ಖಾಲಿ ಹೊಟ್ಟೆಯಲ್ಲಿ ಮರಳಿ ಒಳಗೆ ಬಂದೆ.

ಅಷ್ಟರಲ್ಲಿ ಹುಡುಗಿ ಬಂದಿದ್ದಳು. ಕೈಯಲ್ಲಿ ಮಾದ್ಲಿಯ ತಾಟು. ಗೋಧಿ, ಬೆಲ್ಲ, ಕೊಬ್ಬರಿ, ಮೇಲೆ ತುಪ್ಪ. ಗೀತಾ ತಲೆ ತಗ್ಗಿಸಿಕೊಂಡು ಬರಲಿಲ್ಲ. ನೆಟ್ಟಗೆ ಬಂದು ನೆಟ್ಟಗೆ ನೋಡಿದಳು. ನನಗೆ ಹುಡುಗಿ ಒಮ್ಮೆಗೇ ಒಪ್ಪಿಗೆಯಾದಳು. ಇಂಥವಳು ನಮ್ಮ ಶಾಲೆಯಲ್ಲಿ ಕಲಿತಿದ್ದರೆ ಖೊಖೊ ಟೀಮಿಗೆ ಕ್ಯಾಪ್ಟನ್ ಮಾಡುತ್ತಿದ್ದೆ!

"ತಗೋರಿ ಮಾಮಾರ."

"ಬ್ಯಾಡವಾ."

"ನಾ ಮಾಡಿದ್ದರಿ ಇದು."

ಏನಾದರೂ ಹೇಳಲೇಬೇಕಿತ್ತು. "ಇವತ್ತು ನಂದು ವಾರ ಐತೆವಾ. ದೇವರ ಉಪವಾಸ," ಎಂದೆ.

ಆಯಿ ಕೋಲು ನೆಲಕ್ಕೆ ಕುಟ್ಟಿದಳು. "ವಾರ ಅಂದ್ರ ಬಾಗೇವಾಡ್ಯಾಗ ಹೊಟ್ಟಿ ತುಂಬ ಹೆಂಗ ಉಂಡ್ರಿ?"

ಹುಡುಗಿ ತಾಟು ಕೆಳಗಿಟ್ಟು ಒಳಗೆ ಹೋದಳು. ಬಾಗಿಲು ದಾಟುವಾಗ ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಂತೆ ಕಂಡಿತು. ಅಡುಗೆಮನೆಯಿಂದ ಯಾರೋ ಹೆಂಗಸು, "ಹುಡುಗಿ ಮನಸ್ಸಿಗಿ ಬಂದಿಲ್ಲ ಕಾಣಸ್ತೈತಿ," ಎಂದದ್ದು ಎಲ್ಲರಿಗೂ ಕೇಳಿಸಿತು. ಸಂಗಮೇಶ ನನ್ನನ್ನೇ ನೋಡುತ್ತಿದ್ದ. ಅವನ ತಾಟೂ ಹಾಗೇ ಇತ್ತು. ಮಾವ ಮುಟ್ಟದೆ ಅಳಿಯ ಹೇಗೆ ಮುಟ್ಟುತ್ತಾನೆ? ಮಲ್ಲಪ್ಪನೂ ಒಂದು ಕಾಳು ಬಾಯಿಗೆ ಹಾಕಿರಲಿಲ್ಲ. "ಮೊದಲ ನೀವು ತಗೋರಿ, ಮೊದಲ ನೀವು," ಎಂದು ತಾಟನ್ನು ನನ್ನ ಕಡೆಗೇ ಸರಿಸುತ್ತಿದ್ದ. ಎಂಥ ಮರ್ಯಾದಸ್ಥ ಎಂದು ನನಗೆ ಅನಿಸಿತು.

ಆ ಮರ್ಯಾದಸ್ಥನೇ ಇನ್ನೊಂದು ದಾರಿ ತೋರಿಸಿದ. "ಸಿಹಿ ಬ್ಯಾಡಾದ್ರ ಬಿಡ್ರಿ. ಮಧ್ಯಾಹ್ನಕ ರೊಟ್ಟಿ ಉಂಡ ಹೋಗ್ರಿ. ನಮ್ಮ ಸ್ವಂತ ಹೊಲದ ಬಿಳಿಜ್ವಾಳ."

ಇಲ್ಲಿ "ಆಗಲ್ರಿ" ಎಂದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಹೊಟ್ಟೆ ಖಾಲಿಯಾಗಿ ತಲೆ ಹಗುರಾಗಿದ್ದ ನನ್ನೊಳಗಿನ ಭಾಷಣಕಾರ ಆ ಹೊತ್ತಿಗೇ ಎದ್ದು ನಿಂತ.

"ನೋಡ್ರಿ ಮಲ್ಲಪ್ಪನವರ, ಜನ ರೊಟ್ಟಿ ಅಂದ್ರ ಏನೋ ಅಮೃತ ಅಂತ ತಿಳದಾರ. ಹೊಟ್ಟ್ಯಾಗ ಹೋದಮ್ಯಾಲ ಜ್ವಾಳಾನೂ ಸಕ್ಕರೀನರಿ!"

ಮಲ್ಲಪ್ಪ ರುಮಾಲು ಸರಿಮಾಡಿಕೊಂಡ. "ನಮ್ಮ ಜ್ವಾಳಕ್ಕ ಸಕ್ಕರಿ ಅಂತೀರೇನ್ರಿ?"

"ನಿಮ್ಮ ಜ್ವಾಳಕ್ಕಷ್ಟ ಅಲ್ರಿ. ಎಲ್ಲಾರ ಜ್ವಾಳಕ್ಕೂ."

ಇದು ಸಮಾಧಾನದ ಮಾತೆಂದು ನಾನು ತಿಳಿದಿದ್ದೆ. ಅವನ ಮುಖ ನೋಡಿದರೆ ಹಾಗೆ ಕಾಣಲಿಲ್ಲ. ನೀಲವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಕಸ್ತೂರಿ ಮಾತ್ರ ನನ್ನ ಹಣೆಯನ್ನೇ ದಿಟ್ಟಿಸುತ್ತಿದ್ದಳು. ಅಲ್ಲಿ ಬೆವರು ಹನಿಗಟ್ಟಿತ್ತು. ಫ್ಯಾನು ತಿರುಗುತ್ತಲೇ ಇತ್ತು.

ಕೊನೆಯ ಪ್ರಯತ್ನವಾಗಿ ಆಯಿ ಕೇಳಿದಳು. "ಕೊಲ್ಹಾರಕ ಬಂದು ಮೊಸರನ್ನೂ ತಿನ್ನಲಾರದ ಹೋದ್ರ ಹೆಂಗ್ರಿ?"

ಮೊಸರು! ಗಡಿಗೆಯಲ್ಲಿ ಹೆಪ್ಪು ಹಾಕಿದ, ಬೋರಲು ಹಾಕಿದರೂ ಬೀಳದ ಕೊಲ್ಹಾರದ ಮೊಸರು! ನನ್ನ ಪಥ್ಯದ ರಾಜ! ದಾರಿಯುದ್ದಕ್ಕೂ ನಾನು ಕನಸು ಕಂಡಿದ್ದೇ ಅದನ್ನು.

"ಮೊಸರು ತಿಂತೇನ್ರಿ!" ಎಂದು ಕೂಗಿದೆ. ದನಿ ಸ್ವಲ್ಪ ಜೋರೇ ಆಯಿತು. ಎಲ್ಲರ ಮುಖ ಅರಳಿತು. ಸಂಗಮೇಶ ಉಸಿರು ಬಿಟ್ಟ. ಮಲ್ಲಪ್ಪ ನಕ್ಕ. ಗೀತಾ ತಾನೇ ದೊಡ್ಡ ತಾಟಿನಲ್ಲಿ ಮೊಸರಿನ ಬಟ್ಟಲಿಟ್ಟುಕೊಂಡು ಬಂದಳು. ನೋಡಿದೆ. ಗಟ್ಟಿ ಮೊಸರಿನ ಮೇಲೆ, ಸೋದರಮಾವನೆಂಬ ಗೌರವಕ್ಕೆ, ಬೆರಳ ದಪ್ಪ ಸಕ್ಕರೆ!

ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮುಚ್ಚಿ ತಿಂದುಬಿಡುತ್ತಿದ್ದರು. ಆ ಹೊತ್ತಿಗೆ ನನ್ನ ದೇಹ ಬೇಡುತ್ತಿದ್ದುದೂ ಅದನ್ನೇ. ಕೈ ನಡುಗುತ್ತಿತ್ತು, ಎದೆ ಡವಡವ ಎನ್ನುತ್ತಿತ್ತು, ಗೋಡೆಯ ಮೇಲಿನ ದೇವರ ಫೋಟೋ ಒಂದು ಎರಡಾಗಿ ಕಾಣುತ್ತಿತ್ತು. ಆದರೆ ನಾನು ಶಿಸ್ತಿನ ಮನುಷ್ಯ! ಚಮಚ ಹಿಡಿದು ಸಕ್ಕರೆಯನ್ನು ಒಂದು ಕಡೆಯಿಂದ ಕೆರೆದು ಕೆರೆದು ತಾಟಿನ ಅಂಚಿಗೆ ಗುಡ್ಡೆ ಹಾಕತೊಡಗಿದೆ. ಇಡೀ ಮನೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಹೆಣ್ಣಿನ ಮನೆಯ ಸಕ್ಕರೆಯನ್ನು ಹೀಗೆ ಕಸದಂತೆ ಗುಡಿಸಿ ಮೂಲೆಗೆ ಹಾಕಿದ ಬೀಗ ಕೃಷ್ಣೆಯ ಎರಡೂ ದಂಡೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಮುಂದಿನದು ನನಗೆ ಅಷ್ಟಾಗಿ ನೆನಪಿಲ್ಲ. ಕಸ್ತೂರಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಚಮಚ ಎಸೆದು ತಟ್ಟನೆ ಎದ್ದು ನಿಂತೆನಂತೆ. ಮಲ್ಲಪ್ಪನ ಕಡೆ ತಿರುಗಿ "ಸಾವಧಾನ್!" ಎಂದೆನಂತೆ. ಪಾಪ, ಅವನು ಎದ್ದು ಕಾಲು ಜೋಡಿಸಿ ನಿಂತನಂತೆ. ಆಮೇಲೆ ನಾನೇ "ವಿಶ್ರಾಮ್" ಎಂದು ಗೋಡೆಗೆ ಒರಗಿ ಜಾರಿ ಕುಳಿತೆನಂತೆ.

"ಅಯ್ಯ ನನ್ನ ದೇವರ! ಗುಳಿಗಿ ನುಂಗಿ ಉಪವಾಸ ಕುಂತಾರ!" ಎಂದು ಕಸ್ತೂರಿ ಚೀರಿದ್ದು ಮಾತ್ರ ನನಗೆ ಕೇಳಿಸಿತು. "ಇವರಿಗೆ ಸಕ್ಕರಿ ಜಡ್ಡು ಐತ್ರಿ. ಸಕ್ಕರಿ ಇಳದೈತಿ. ಲಗೂನ ಸಕ್ಕರಿ ಕೊಡ್ರಿ, ಸಕ್ಕರಿ!"

ಗೀತಾ ಅಡುಗೆಮನೆಗೆ ಓಡಲಿಲ್ಲ. ನಾನೇ ಕಷ್ಟಪಟ್ಟು ಕೆರೆದಿಟ್ಟಿದ್ದ ಗುಡ್ಡೆ ಅಲ್ಲೇ ಇತ್ತಲ್ಲ! ಅದನ್ನೇ ಬೆರಳಲ್ಲಿ ಎತ್ತಿ, "ಮಾಮಾರ, ಬಾಯಿ ತೆಗೀರಿ," ಎಂದಳು. ಪ್ರಜ್ಞೆ ಇತ್ತು, ನುಂಗಲು ಬರುತ್ತಿತ್ತು. ಬಾಯಿ ತೆರೆದೆ. ಮತ್ತೆ ತೆರೆದೆ. ಆಮೇಲೆ ಲೋಟದ ತುಂಬ ಸಕ್ಕರೆ ನೀರು ಕುಡಿಸಿದಳು. ತಿಂಗಳುಗಟ್ಟಲೆ ಸಿಹಿ ಮುಟ್ಟದ ನಾಲಿಗೆಗೆ ಅದರ ರುಚಿ ಹೇಗಿತ್ತು ಎಂದು ಬರೆಯಬಾರದು. ಡಾಕ್ಟರು ಓದಿದರೆ ಕಷ್ಟ.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ದೇವರ ಫೋಟೋ ಮತ್ತೆ ಒಂದಾಯಿತು. ಆಗ ಸುತ್ತ ನೋಡಿದೆ. ಗುಟ್ಟು ರಟ್ಟಾಗಿತ್ತು. ನೀಲವ್ವ ಅಳುತ್ತಿದ್ದಳು. ಸಂಗಮೇಶ ನನ್ನ ಕಾಲ ಬಳಿ ಕುಳಿತು ಪಾದ ತಿಕ್ಕುತ್ತಿದ್ದ. ತನ್ನ ಸಂಬಂಧ ಮುರಿದುಬಿದ್ದ ಹೊತ್ತಿನಲ್ಲೂ ಅವನು ಪಾದ ತಿಕ್ಕುತ್ತಿದ್ದುದು ನೋಡಿ ನಾನು ಅವನ ತಲೆಯ ಮೇಲೆ ಕೈಯಿಟ್ಟೆ.

"ತಪ್ಪು ನಂದರಿ," ಎಂದೆ. "ಹುಡುಗಿ ನಮಗ ಭಾಳ ಮನಸ್ಸಿಗಿ ಬಂದಾಳ. ಜಡ್ಡು ನಂದು, ಹುಡುಗಂದಲ್ಲ. 'ಹೇಳಬ್ಯಾಡ' ಅಂದಿದ್ದಕ್ಕ ಮುಚ್ಚಿಟ್ಟು ಇಷ್ಟೆಲ್ಲಾ ಫಜೀತಿ ಮಾಡಿದ್ನಿ."

ಮಲ್ಲಪ್ಪ ನೆಲ ನೋಡುತ್ತ ನಿಂತಿದ್ದ. ಆಗ ಗಂಗವ್ವ ಆಯಿ ಕೋಲಿನಿಂದ ಮಗನ ಕಾಲಿಗೆ ಮೆಲ್ಲಗೆ ತಿವಿದಳು.

"ಲೇ ಮಲ್ಯಾ, ಇನ್ನರ ನಿಂದು ಹೇಳಲೇ!"

ಮಲ್ಲಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ. "ನನಗೂ ಐತ್ರಿ," ಎಂದ. "ಹುಡುಗಿ ಅಪ್ಪಗ ಸಕ್ಕರಿ ಐತಿ ಅಂದ್ರ ನೀವು ಒಲ್ಲೆ ಅಂತೀರಿ ಅಂತ ಮುಚ್ಚಿಟ್ಟಿದ್ದಿವ್ರಿ. ನೀವು ಮೊದಲ ತಿಂದ್ರ ಎಲ್ಲಾರೂ ನಿಮ್ಮನ್ನ ನೋಡ್ತಾರ, ನನ್ನ ತಾಟು ಯಾರೂ ನೋಡಂಗಿಲ್ಲ ಅಂತ ಲೆಕ್ಕ ಹಾಕಿದ್ನಿ. ನೀವು ಮುಟ್ಟಲೇ ಇಲ್ಲ!"

ನನ್ನ ಮರ್ಯಾದಸ್ಥ ಬೀಗನ ಮರ್ಯಾದೆಯ ಗುಟ್ಟು ಹೀಗಿತ್ತು. ಮೊದಲು ನಕ್ಕವಳು ಕಸ್ತೂರಿ. ಆಮೇಲೆ ಅಡುಗೆಮನೆ ನಕ್ಕಿತು. ಕೊನೆಗೆ ಅಳುತ್ತಿದ್ದ ನೀಲವ್ವನೂ ನಕ್ಕಳು.

"ನಗೂದು ಸಾಕು," ಎಂದಳು ಆಯಿ. "ಗಂಡಿನ ಕಡೆ ಹಿರೇ ಮನಷ್ಯಾ ನಮ್ಮ ಹುಡುಗಿ ಕೈಲೆ ಸಕ್ಕರಿ ತಿಂದಾನ. ಅದೂ ಒಂದ ಸಲ ಅಲ್ಲ. ಇನ್ನ ಮಾತು ಹಿಂದ ತಗೊಳ್ಳಂಗಿಲ್ಲ. ಏನಪಾ ಹುಡುಗ, ಒಪ್ಪಿಗಿ ಐತೋ ಇಲ್ಲೋ?"

ಸಂಗಮೇಶ ನನ್ನ ಪಾದ ಬಿಟ್ಟು ಥಟ್ಟನೆ ಎದ್ದು ನಿಂತ. "ಐತ್ರಿ!" ಎಂದ. ಬಾಗಿಲಲ್ಲಿ ನಿಂತಿದ್ದ ಗೀತಾಳನ್ನು ಆಯಿ ಕೇಳಬೇಕಾಗಿಯೇ ಬರಲಿಲ್ಲ. ಅವಳು ಆಗಲೇ ಮಾದ್ಲಿಯ ತಾಟನ್ನು ಎತ್ತಿ ಅವನ ಕೈಗೆ ಕೊಟ್ಟಿದ್ದಳು.

ಅವತ್ತು ಮಧ್ಯಾಹ್ನ ನಾನೂ ಮಲ್ಲಪ್ಪನೂ ಒಂದೇ ಸಾಲಿನಲ್ಲಿ ಕುಳಿತು ಉಂಡೆವು. ಬಟ್ಟಲು ತುಂಬ ಬದನೆಕಾಯಿ, ಪುಂಡಿಪಲ್ಯ, ಮಡಕಿಕಾಳು, ಸಕ್ಕರೆಯಿಲ್ಲದ ಗಟ್ಟಿ ಮೊಸರು. ಜೊತೆಗೆ ಒಬ್ಬೊಬ್ಬರಿಗೆ ಒಂದೊಂದು ತೆಳ್ಳನೆಯ ರೊಟ್ಟಿ. ನನ್ನ ರೊಟ್ಟಿಯನ್ನು ಮುಗಿಸಿ, ಅವರ ಹೊಲದ ಜೋಳದ ಕ್ಷಮೆಯನ್ನು ಎಲ್ಲರೆದುರು ವಿಧಿವತ್ತಾಗಿ ಕೇಳಿದೆ. ಮಲ್ಲಪ್ಪ ದೊಡ್ಡ ಮನಸ್ಸಿನಿಂದ ಕ್ಷಮಿಸಿದ. ಅಷ್ಟು ರುಚಿಯ ಊಟ ನಾನು ಇತ್ತೀಚೆಗೆ ಉಂಡಿರಲಿಲ್ಲ.

ಮರುದಿನ ಕಸ್ತೂರಿ ನನ್ನನ್ನು ಕೈಹಿಡಿದು ಡಾಕ್ಟರ ಬಳಿ ಎಳೆದೊಯ್ದಳು. ನನ್ನ ಶಿಷ್ಯ ಕಥೆಯನ್ನೆಲ್ಲ ಕೇಳಿ ಗುಳಿಗೆ ಕಡಿಮೆ ಮಾಡಿದ.

"ಸರ್, ರೊಟ್ಟಿ ಕಡಿಮಿ ಮಾಡ್ರಿ ಅಂದಿದ್ನಿ. ಉಪವಾಸ ಮಾಡ್ರಿ ಅಂದಿದ್ದಿಲ್ಲ. ಬಂದು ಭೆಟ್ಟಿ ಆಗ್ರಿ ಅಂದಿದ್ನಿ. ಬರಲಿಲ್ಲ." ಹೊಸ ಚೀಟಿ ಬರೆದು ಕೊಡುತ್ತ ಕೇಳಿದ: "ಮೈದಾನದ ಸುತ್ತ ಓಡಸಲೇನ್ರಿ?"

ಅವನನ್ನು ಅಷ್ಟು ಓಡಿಸಬಾರದಿತ್ತು.

ಆಮೇಲೆ ಒಂದು ಒಳ್ಳೆಯ ದಿನ ಕನ್ನೊಳ್ಳಿಯಲ್ಲಿ ಪೆಂಡಾಲು ಹಾಕಿ ಸಕ್ಕರಿ ಪುಡಿ ಮಾಡಿದೆವು. ಸೋದರಮಾವನೆಂದು ನನ್ನನ್ನು ಮುಂದೆ ಕೂಡಿಸಿದರು. ಮೈಕು ಹಿಡಿದವನು, "ಈಗ ಮಾಸ್ತರು ಎರಡು ಮಾತು ಆಡಬೇಕು," ಎಂದ. ಕೊನೆಗೂ ನನ್ನ ಭಾಷಣಕ್ಕೆ ವೇದಿಕೆ ಸಿಕ್ಕಿತು! ನಾನು ಎದ್ದು, ಗಂಟಲು ಸರಿಪಡಿಸಿಕೊಂಡು, ಮೈಕನ್ನು ಹತ್ತಿರ ಎಳೆದುಕೊಂಡೆ.

ಅಷ್ಟರಲ್ಲಿ ಗೀತಾ ಹಿರಿಯರಿಗೆ ಸಕ್ಕರೆ ಹಾಕುತ್ತ ನನ್ನ ಬಳಿ ಬಂದಳು. ಶಾಸ್ತ್ರವಲ್ಲವೇ, ಒಂದು ಚಿಟಿಕೆ ಇರಲಿ ಎಂದು ನಾನು ಸಂಭ್ರಮದಿಂದ ಬಾಯಿ ತೆರೆದೆ. ಅವಳು ಸಕ್ಕರೆಯ ಬಟ್ಟಲನ್ನು ಹಿಂದಕ್ಕೆ ಸರಿಸಿದಳು.

"ನಿಮ್ಮದು ಅವತ್ತ ಮುಗದೈತ್ರಿ ಮಾಮಾರ," ಎಂದಳು. ಮೈಕು ಚಾಲೂ ಇದ್ದುದರಿಂದ ಊರಿಗೆಲ್ಲ ಕೇಳಿಸಿತು. ನಗುವಿನ ನಡುವೆ ಅವಳು ಇನ್ನೊಂದು ಬಟ್ಟಲಿನಿಂದ ದಪ್ಪನೆಯ ಸೌತೆಕಾಯಿ ಹೋಳನ್ನು ತೆಗೆದು ನನ್ನ ತೆರೆದ ಬಾಯಿಗೆ ಇಟ್ಟಳು.

ಉಗುಳುವಂತಿಲ್ಲ, ಮಾತಾಡುವಂತಿಲ್ಲ. ಅಗಿದೆ. ಕರಕರ ಸದ್ದು ಧ್ವನಿವರ್ಧಕದಲ್ಲಿ ಕನ್ನೊಳ್ಳಿಯ ಕೊನೆಯ ಮನೆಯವರೆಗೂ ಹೋಯಿತಂತೆ. ನುಂಗಿ ಮುಗಿಸಿ ಮೈಕು ಹಿಡಿಯುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದಿದ್ದರು. ನನ್ನ ಭಾಷಣ ಅಷ್ಟೇ ಆಯಿತು.